ಪ್ರಾಸ್ಟೇಟ್‌ಗೆ ಲೇಸರ್ ಆಪರೇಷನ್: ಬೆಳಿಗ್ಗೆ ಭರ್ತಿ, ಸಂಜೆ ಡಿಸ್ಚಾರ್ಜ್, ಆದರೆ ಮೊದಲ ರಾತ್ರಿ ಎಲ್ಲಿರಬೇಕು?

ಚಚಡಿ: “ರಾತ್ರಿ ನಾಕು ಸಲ ಏಳ್ತೀನಿ. ಎದ್ದು ಹೋದ್ರ ಸರಳ ಬರೂದಿಲ್ಲ.” ಕಟ್ಟೆ ಮೇಲೆ ಕುಳಿತ ಹಿರಿಯರ ಬಾಯಲ್ಲಿ ಈ ಮಾತು ಹೊಸದಲ್ಲ. “ವಯಸ್ಸಾದ ಮ್ಯಾಲೆ ಇದ್ದದ್ದ ಬಿಡು” ಎಂದು ಪಕ್ಕದವರು ಹೇಳುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಈಗ ಅದಕ್ಕೆ ಇನ್ನೊಂದು ಮಾತು ಸೇರಿದೆ: “ಲೇಸರ್ ಆಪರೇಷನ್ ಐತಂತ, ಮುಂಜಾನೆ ಹೋಗಿ ಸಂಜೀಕ ಮನೀಗೆ ಬರಬಹುದಂತ.”

ಹೌದು, ಬರಬಹುದು. ಹಿಗ್ಗಿದ ಪ್ರಾಸ್ಟೇಟ್ ಗ್ರಂಥಿಗೆ ಲೇಸರ್ ಶಸ್ತ್ರಚಿಕಿತ್ಸೆ ಮಾಡಿ ಅದೇ ದಿನ ರೋಗಿಯನ್ನು ಮನೆಗೆ ಕಳಿಸುವ ಪದ್ಧತಿ ಹೊರದೇಶಗಳ ಅನೇಕ ಆಸ್ಪತ್ರೆಗಳಲ್ಲಿದೆ. ನಮ್ಮಲ್ಲಿಯೂ ಈ ಮಾತು ಕೇಳಿಬರುತ್ತಿದೆ. ಆದರೆ ಆಸ್ಪತ್ರೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಮನೆ ಇರುವವರ ಲೆಕ್ಕವೇ ಬೇರೆ, ಸವದತ್ತಿ ತಾಲೂಕಿನ ಚಚಡಿಯವರ ಲೆಕ್ಕವೇ ಬೇರೆ. ಆಪರೇಷನ್ ಒಪ್ಪಿಕೊಳ್ಳುವ ಮೊದಲು ಮನೆಮಂದಿಯೆಲ್ಲ ಕೂತು ಓದಬೇಕಾದ ಮಾಹಿತಿ ಇಲ್ಲಿದೆ.

ಏನಿದು ಪ್ರಾಸ್ಟೇಟ್?

ಗಂಡಸರಿಗೆ ಮಾತ್ರ ಇರುವ ಗ್ರಂಥಿ ಇದು. ಮೂತ್ರಕೋಶದ ಕೆಳಗೆ, ಮೂತ್ರದ ನಾಳದ ಸುತ್ತ ಬಳೆಯಂತೆ ಕುಳಿತಿರುತ್ತದೆ. ಪ್ರಾಯದಲ್ಲಿ ಇದರ ತೂಕ ಸುಮಾರು 20 ಗ್ರಾಂ. 40 ದಾಟಿದ ಮೇಲೆ ನಿಧಾನವಾಗಿ ಬೆಳೆಯುತ್ತ ಹೋಗುತ್ತದೆ. 60ರ ಆಸುಪಾಸಿನ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದು ಸ್ವಲ್ಪವಾದರೂ ಬೆಳೆದಿರುತ್ತದೆ. ಹೊರಗೆ ಬೆಳೆದಷ್ಟೂ ಒಳಗಿನ ದಾರಿ ಇಕ್ಕಟ್ಟಾಗುತ್ತದೆ. ಹೊಲಕ್ಕೆ ನೀರು ಬಿಡುವ ಪೈಪಿನ ಮೇಲೆ ಕಾಲಿಟ್ಟರೆ ಏನಾಗುತ್ತದೋ ಇಲ್ಲಿಯೂ ಅದೇ.

ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಎನ್ನುವುದು ಬೇರೆಯೇ ಇದೆ, ಅದರ ಕೆಲವು ಲಕ್ಷಣ ಇದನ್ನೇ ಹೋಲುತ್ತವೆ. ಅದಕ್ಕೇ ವೈದ್ಯರು ಬೆರಳು ಹಾಕಿ ಪರೀಕ್ಷೆ ಮಾಡುತ್ತಾರೆ, ಪಿಎಸ್‌ಎ ಎಂಬ ರಕ್ತ ಪರೀಕ್ಷೆ ಬರೆಯುತ್ತಾರೆ. ಇದಕ್ಕೆ ಮುಜುಗರ ಬೇಡ.

ಈ ಲಕ್ಷಣ ಇವೆಯೇ?

* ಮೂತ್ರ ಶುರುವಾಗಲು ತಡವಾಗುವುದು, ತಿಣುಕಬೇಕಾಗುವುದು
* ಧಾರೆ ಸಣ್ಣಗಾಗುವುದು, ನಿಂತು ನಿಂತು ಬರುವುದು
* ಮುಗಿದ ಮೇಲೂ ಇನ್ನೂ ಉಳಿದಿದೆ ಅನಿಸುವುದು, ಹನಿ ಹನಿ ಬೀಳುವುದು
* ಅವಸರ ತಡೆಯಲಾಗದಿರುವುದು
* ರಾತ್ರಿ ಎರಡು, ಮೂರು ಸಲ ಏಳುವುದು

ಇವುಗಳಿಗೆ ಅಂಕ ಕೊಟ್ಟು ಅಳೆಯುವ ಏಳು ಪ್ರಶ್ನೆಗಳ ಪಟ್ಟಿಯೊಂದು ವೈದ್ಯರ ಬಳಿ ಇರುತ್ತದೆ. ಒಟ್ಟು ಅಂಕ 35. 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20 ದಾಟಿದರೆ ತೀವ್ರ. ಇದರ ಜೊತೆ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗ್ರಂಥಿಯ ಗಾತ್ರ ಎಷ್ಟು, ಮೂತ್ರ ಮಾಡಿದ ಮೇಲೂ ಒಳಗೆ ಎಷ್ಟು ಉಳಿಯುತ್ತದೆ ಎಂದು ನೋಡುತ್ತಾರೆ.

ರಾತ್ರಿ ಏಳುವುದೆಲ್ಲ ಪ್ರಾಸ್ಟೇಟ್ ಕಾರಣಕ್ಕೇ ಅಲ್ಲ ಎಂಬುದೂ ಗೊತ್ತಿರಲಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೂ ಹೀಗಾಗುತ್ತದೆ. ಮಲಗುವ ಮುಂಚೆ ಎರಡು ಲೋಟ ಚಹಾ ಕುಡಿದರೂ ಆಗುತ್ತದೆ.

ಮೊದಲು ಗುಳಿಗೆ, ಆಮೇಲೆ ಆಪರೇಷನ್

ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಹೆಚ್ಚಿನವರಿಗೆ ಗುಳಿಗೆಯಿಂದಲೇ ಅನುಕೂಲವಾಗುತ್ತದೆ. ಟಾಮ್ಸುಲೋಸಿನ್, ಸಿಲೋಡೋಸಿನ್ ಜಾತಿಯ ಗುಳಿಗೆಗಳು ಬಿಗಿದ ಸ್ನಾಯುವನ್ನು ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಫಲ ಕಾಣುತ್ತದೆ. ಇವನ್ನು ತಗೊಂಡವರಿಗೆ ಒಮ್ಮೆಲೇ ಎದ್ದು ನಿಂತರೆ ತಲೆ ತಿರುಗಬಹುದು. ಡುಟಾಸ್ಟೆರೈಡ್, ಫಿನಾಸ್ಟೆರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತವೆ, ಆದರೆ ಪೂರ್ಣ ಫಲ ಸಿಗಲು ಸುಮಾರು ಆರು ತಿಂಗಳು ಹಿಡಿಯುತ್ತದೆ. ಇವು ಪಿಎಸ್‌ಎ ಅಂಕಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತವೆ. ಆದ್ದರಿಂದ ರಕ್ತ ಪರೀಕ್ಷೆಗೆ ಹೋದಾಗ ಈ ಗುಳಿಗೆ ನುಂಗುತ್ತಿರುವುದನ್ನು ವೈದ್ಯರಿಗೆ ಹೇಳಲೇಬೇಕು.

ಇನ್ನೊಂದು ಮುಖ್ಯ ಮಾತು. ನೆಗಡಿಗೆ ಎಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ನುಂಗುವ ಕೆಲವು ಗುಳಿಗೆಗಳು ಪ್ರಾಸ್ಟೇಟ್ ಇದ್ದವರ ಮೂತ್ರವನ್ನು ಪೂರ್ತಿ ಕಟ್ಟಿಬಿಡಬಹುದು. ಔಷಧ ಅಂಗಡಿಯವರು ವಯಸ್ಸಾದ ಗಂಡಸರಿಗೆ ನೆಗಡಿ ಗುಳಿಗೆ ಕೊಡುವಾಗ “ಅಜ್ಜಾರ, ಒಂದಕ್ಕ ಹೋಗಾಕ ತ್ರಾಸ ಐತೇನು?” ಎಂದು ಒಂದು ಮಾತು ಕೇಳಿದರೆ ಒಬ್ಬರನ್ನು ನಡುರಾತ್ರಿಯ ನೋವಿನಿಂದ ಉಳಿಸಿದಂತಾಗುತ್ತದೆ.

ಆಪರೇಷನ್ ಯಾವಾಗ? ಗುಳಿಗೆಯಿಂದ ಗುಣ ಕಾಣದಿದ್ದಾಗ, ಮೂತ್ರ ಕಟ್ಟಿ ಪೈಪ್ ಹಾಕಬೇಕಾಗಿ ಬಂದು ತೆಗೆದ ಮೇಲೂ ಸರಿಹೋಗದಿದ್ದಾಗ, ಪದೇ ಪದೇ ಸೋಂಕು ಅಥವಾ ರಕ್ತ ಬಂದಾಗ, ಮೂತ್ರಕೋಶದಲ್ಲಿ ಕಲ್ಲಾದಾಗ, ಕಿಡ್ನಿಗೆ ಪೆಟ್ಟು ಬೀಳತೊಡಗಿದಾಗ. ಕೊನೆಯದು ಸದ್ದಿಲ್ಲದೆ ಆಗುತ್ತದೆ. “ನೋವಿಲ್ಲ, ಅದಕ್ಕ ಬಿಟ್ಟೀನಿ” ಎನ್ನುವವರೇ ಹೆಚ್ಚು ತಡ ಮಾಡುತ್ತಾರೆ.

ಲೇಸರ್‌ನಲ್ಲಿ ಏನು ಮಾಡುತ್ತಾರೆ?

ಹಿಂದೆ ಹೊಟ್ಟೆ ಕೊಯ್ದು ಗ್ರಂಥಿ ತೆಗೆಯುತ್ತಿದ್ದರು. ಆಮೇಲೆ ಮೂತ್ರನಾಳದ ಮೂಲಕವೇ ದುರ್ಬೀನು ಹಾಕಿ, ವಿದ್ಯುತ್ ತಂತಿಯಿಂದ ಚೂರು ಚೂರಾಗಿ ಕೆತ್ತಿ ತೆಗೆಯುವ ‘ಟಿಯುಆರ್‌ಪಿ’ ಬಂತು. ಇವತ್ತಿಗೂ ಬಹಳ ಕಡೆ ಇದೇ ನಡೆಯುವುದು, ಇದು ಒಳ್ಳೆಯ ಚಿಕಿತ್ಸೆಯೇ. ಸಾಮಾನ್ಯವಾಗಿ ಎರಡು ಮೂರು ದಿನ ಆಸ್ಪತ್ರೆಯಲ್ಲಿ ಇರಬೇಕಾಗುತ್ತದೆ.

ಲೇಸರ್‌ನಲ್ಲಿಯೂ ಹೊರಗೆ ಗಾಯವಿಲ್ಲ, ಹೊಲಿಗೆಯಿಲ್ಲ. ‘ಹೋಲೆಪ್’ ಎಂದು ಕರೆಯುವ ವಿಧಾನದಲ್ಲಿ ಹೋಲ್ಮಿಯಂ ಲೇಸರ್ ಬಳಸಿ, ಕಿತ್ತಳೆಯ ತೊಳೆಯನ್ನು ಸಿಪ್ಪೆಯಿಂದ ಬಿಡಿಸಿದ ಹಾಗೆ, ಬೆಳೆದ ಭಾಗವನ್ನು ಇಡಿಯಾಗಿ ಬಿಡಿಸುತ್ತಾರೆ. ಅದನ್ನು ಮೂತ್ರಕೋಶದೊಳಗೆ ತಳ್ಳಿ, ಸಣ್ಣ ಯಂತ್ರದಿಂದ ಪುಡಿ ಮಾಡಿ ಹೊರಗೆ ಎಳೆಯುತ್ತಾರೆ. ನ್ಯೂಜಿಲೆಂಡ್‌ನ ಟೌರಂಗಾ ಊರಿನ ಪೀಟರ್ ಗಿಲ್ಲಿಂಗ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದನ್ನು ರೂಪಿಸಿದರು. ಈ ಲೇಸರ್ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಆಳಕ್ಕೆ ಇಳಿಯುತ್ತದೆ. ಕತ್ತರಿಸುತ್ತಲೇ ರಕ್ತನಾಳವನ್ನೂ ಮುಚ್ಚುತ್ತ ಹೋಗುತ್ತದೆ. ಬಹಳ ದೊಡ್ಡ ಗ್ರಂಥಿಗೂ ಇದು ಒಗ್ಗುತ್ತದೆ. ಥೂಲಿಯಂ ಲೇಸರ್ ಬಳಸುವ ಇದೇ ತರಹದ ವಿಧಾನವೂ ಇದೆ. ಹಸಿರು ಬೆಳಕಿನ ಲೇಸರ್ ಗ್ರಂಥಿಯನ್ನು ಬಿಡಿಸುವುದಿಲ್ಲ, ಆವಿ ಮಾಡುತ್ತದೆ.

ಯಂತ್ರಕ್ಕಿಂತ ಕೈ ಮುಖ್ಯ. ಹೋಲೆಪ್ ಕಲಿಯಲು ವೈದ್ಯರಿಗೆ ಸಾಕಷ್ಟು ಅಭ್ಯಾಸ ಬೇಕು. ಆದ್ದರಿಂದ “ಲೇಸರ್ ಐತೇನ್ರಿ?” ಎಂದು ಕೇಳುವುದರ ಜೊತೆಗೆ “ಇಂಥ ಕೇಸು ನೀವು ಎಷ್ಟು ಮಾಡೀರಿ?” ಎಂದೂ ಕೇಳಿ. ಇದು ಅಧಿಕಪ್ರಸಂಗ ಅಲ್ಲ, ರೋಗಿಯ ಹಕ್ಕು.

ಅದೇ ದಿನ ಮನೆಗೆ ಕಳಿಸುವುದು ಹೇಗೆ?

ಆಪರೇಷನ್ ಆದವರನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವ ಮುಖ್ಯ ಕಾರಣ ರಕ್ತ. ಮೂತ್ರದಲ್ಲಿ ರಕ್ತ ಬರುವವರೆಗೆ ಪೈಪಿನ ಮೂಲಕ ಸಲೈನ್ ಬಿಟ್ಟು ಮೂತ್ರಕೋಶ ತೊಳೆಯುತ್ತಲೇ ಇರಬೇಕು. ಲೇಸರ್‌ನಲ್ಲಿ ರಕ್ತಸ್ರಾವ ಕಡಿಮೆ ಇರುವುದರಿಂದ ತೊಳೆಯುವ ಕೆಲಸ ಬೇಗ ಮುಗಿಯುತ್ತದೆ. ಅದೇ ದಿನ ಬಿಡುಗಡೆಯ ಗುಟ್ಟು ಇಷ್ಟೇ.

ದಿನದ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ. ಮೂತ್ರದ ಕಲ್ಚರ್ ಪರೀಕ್ಷೆ, ಇಸಿಜಿ, ರಕ್ತ ಪರೀಕ್ಷೆ ಎಲ್ಲ ಮೊದಲೇ ಮುಗಿದಿರಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಭರ್ತಿ. ಪಟ್ಟಿಯಲ್ಲಿ ಮೊದಲನೇ ಹೆಸರು ಇದ್ದರೆ ಒಳ್ಳೆಯದು. ಮಧ್ಯಾಹ್ನ ಆಪರೇಷನ್ ಆದವರನ್ನು ಸಂಜೆ ಕಳಿಸುವುದು ಕಷ್ಟ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಕಾಲಿಗೆ ಪೂರ್ತಿ ಬಲ ಬರುವವರೆಗೆ ಏಳುವಂತಿಲ್ಲ. ಸಂಜೆ ಹೊತ್ತಿಗೆ ಮೂತ್ರ ತಿಳಿ ಗುಲಾಬಿಗೆ ಬಂದಿರಬೇಕು, ಬಿ.ಪಿ. ಸರಿ ಇರಬೇಕು, ಊಟ ಮಾಡಿ ನಾಲ್ಕು ಹೆಜ್ಜೆ ನಡೆದಿರಬೇಕು. ಇವೆಲ್ಲ ಆದ ಮೇಲೆಯೇ ಡಿಸ್ಚಾರ್ಜ್. ಕೆಲವು ಕಡೆ ಪೈಪ್ ಅದೇ ದಿನ ತೆಗೆಯುತ್ತಾರೆ. ಆದರೆ ಹೆಚ್ಚಾಗಿ ಪೈಪ್ ಸಮೇತ ಕಳಿಸಿ, ಮರುದಿನ ಅಥವಾ ಒಂದೆರಡು ದಿನ ಬಿಟ್ಟು ಕರೆಸಿ ತೆಗೆಯುತ್ತಾರೆ. ‘ಸಂಜೆ ಮನೆಗೆ’ ಎಂದರೆ ಪೈಪ್ ಇಲ್ಲದೆ ಮನೆಗೆ ಎಂದೇ ತಿಳಿದುಕೊಳ್ಳಬೇಡಿ.

ಎಲ್ಲರಿಗೂ ಇದು ಹೊಂದುವುದಿಲ್ಲ. ಹೃದಯದ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಗುಳಿಗೆ ನುಂಗುವವರು, ಹತೋಟಿಗೆ ಬಾರದ ಸಕ್ಕರೆ ಇರುವವರು, ಕಿಡ್ನಿ ದುರ್ಬಲವಾದವರು, ಸೋಂಕು ಇರುವವರು, ಮನೆಯಲ್ಲಿ ಒಬ್ಬರೇ ಇರುವವರು ಒಂದೆರಡು ದಿನ ಆಸ್ಪತ್ರೆಯಲ್ಲೇ ಇರುವುದು ಸರಿ. ರಕ್ತ ತೆಳುವಾಗುವ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಯಾವುದು ನಿಲ್ಲಿಸಬೇಕು, ಎಷ್ಟು ದಿನ ಮೊದಲು ಎಂಬುದನ್ನು ಹೃದಯದ ವೈದ್ಯರು ಮತ್ತು ಮೂತ್ರರೋಗ ತಜ್ಞರು ಸೇರಿ ಹೇಳಬೇಕು. ಸಕ್ಕರೆಯ ಕೆಲವು ಗುಳಿಗೆಗಳನ್ನೂ ಮೊದಲೇ ನಿಲ್ಲಿಸಬೇಕಾಗುತ್ತದೆ. ನುಂಗುವ ಎಲ್ಲ ಗುಳಿಗೆಗಳ ಚೀಟಿ ಜೊತೆಗಿರಲಿ.

ಮೊದಲ ರಾತ್ರಿ: ಅಸಲಿ ಲೆಕ್ಕ ಇಲ್ಲಿದೆ

ಈಗ ನಮ್ಮ ಕಡೆಯ ಮಾತಿಗೆ ಬರೋಣ. ಇಂಥ ಆಪರೇಷನ್‌ಗೆ ನಮ್ಮವರು ಹೋಗುವುದು ಬೆಳಗಾವಿ, ಧಾರವಾಡ, ಇಲ್ಲವೇ ಹುಬ್ಬಳ್ಳಿಗೆ. ಬೈಲಹೊಂಗಲದಿಂದ ಬೆಳಗಾವಿ ಸುಮಾರು 45 ಕಿ.ಮೀ., ಸವದತ್ತಿಯಿಂದ ಧಾರವಾಡ ಸುಮಾರು 40 ಕಿ.ಮೀ. ಕಿತ್ತೂರಿನವರಿಗೆ ಹೆದ್ದಾರಿ ಹತ್ತಿರ. ರಾಮದುರ್ಗದವರಿಗೆ ಬೆಳಗಾವಿ ಸುಮಾರು 100 ಕಿ.ಮೀ. ಹಳ್ಳಿಯಿಂದ ತಾಲೂಕು ಊರಿಗೆ ಬರುವ ಹೊತ್ತು ಬೇರೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಸಾಲು, ಹುಣ್ಣಿಮೆ ಬಂದರೆ ಯಲ್ಲಮ್ಮನ ಗುಡ್ಡದ ಜನ. ರಸ್ತೆ ನಮ್ಮ ಕೈಯಲ್ಲಿ ಇರುವುದಿಲ್ಲ.

ಮೊದಲ ರಾತ್ರಿ ಆಗಬಹುದಾದ ಮುಖ್ಯ ತೊಂದರೆ ಒಂದೇ. ಹೆಪ್ಪುಗಟ್ಟಿದ ರಕ್ತದ ತುಣುಕು ಪೈಪಿಗೆ ಅಡ್ಡ ಕೂರುವುದು. ಆಗ ಮೂತ್ರ ನಿಲ್ಲುತ್ತದೆ, ಕಿಬ್ಬೊಟ್ಟೆ ಕಲ್ಲಿನಂತಾಗುತ್ತದೆ, ನೋವು ತಡೆಯಲಾಗುವುದಿಲ್ಲ. ಹೆಚ್ಚಿನವರಿಗೆ ಇದು ಆಗುವುದಿಲ್ಲ. ಆದರೆ ಆದರೆ? ಆಸ್ಪತ್ರೆಯಲ್ಲಿದ್ದರೆ ನರ್ಸ್ ಬಂದು ದೊಡ್ಡ ಸಿರಿಂಜ್‌ನಲ್ಲಿ ಸಲೈನ್ ಹಾಕಿ ತೊಳೆದು ಹತ್ತು ನಿಮಿಷದಲ್ಲಿ ಸರಿಮಾಡುತ್ತಾರೆ. ಅದೇ ತೊಂದರೆ ರಾತ್ರಿ ಎರಡು ಗಂಟೆಗೆ ಹಳ್ಳಿಯಲ್ಲಿ ಆದರೆ ಗಾಡಿ ಹುಡುಕುವುದರಿಂದ ಶುರು ಮಾಡಬೇಕು.

ಹೀಗಾಗಿ ನಮ್ಮ ಕಡೆಯವರಿಗೆ ಒಂದೇ ಸಲಹೆ: ಡಿಸ್ಚಾರ್ಜ್ ಬೇಕಾದರೆ ಅದೇ ದಿನ ಆಗಲಿ, ಊರಿಗೆ ಮಾತ್ರ ಮರುದಿನ ಬನ್ನಿ. ಬೆಳಗಾವಿಯಲ್ಲೋ ಧಾರವಾಡದಲ್ಲೋ ಮಗಳ ಮನೆ, ಬೀಗರ ಮನೆ, ಇಲ್ಲವೇ ಆಸ್ಪತ್ರೆಯ ಹತ್ತಿರದ ಲಾಡ್ಜ್‌ನಲ್ಲಿ ಒಂದು ರಾತ್ರಿ ಕಳೆಯಿರಿ. ಮರುದಿನ ಪೈಪ್ ತೆಗೆಸಿ, ಒಂದೆರಡು ಸಲ ಸರಾಗವಾಗಿ ಮೂತ್ರ ಮಾಡಿ, ಆಮೇಲೆ ಹೊರಡಿ. ಅಂಥ ಅನುಕೂಲ ಇಲ್ಲದಿದ್ದರೆ “ಇವತ್ತೊಂದು ರಾತ್ರಿ ಇಲ್ಲೇ ಇಟ್ಕೊಳ್ರಿ” ಎಂದು ವೈದ್ಯರನ್ನು ಕೇಳಿ. ಮನೆ ದೂರ ಎಂಬುದು ಆಸ್ಪತ್ರೆಯಲ್ಲಿ ಉಳಿಯಲು ಸರಿಯಾದ ಕಾರಣವೇ.

ಅದೇ ದಿನ ಊರಿಗೆ ಬರಲೇಬೇಕು ಎನ್ನುವವರು ನಾಲ್ಕು ಸಿದ್ಧತೆ ಮಾಡಿಕೊಳ್ಳಿ:

* ರಾತ್ರಿಯಿಡೀ ಸಿಗುವ ಒಂದು ಗಾಡಿ, ಅದರ ಡ್ರೈವರ್‌ಗೆ ಮೊದಲೇ ಹೇಳಿಟ್ಟಿರಬೇಕು
* ಆಸ್ಪತ್ರೆಯಲ್ಲಿ ರಾತ್ರಿ ಫೋನ್ ಎತ್ತುವವರ ನಂಬರ್. ಹಗಲಿನ ಓಪಿಡಿ ನಂಬರ್ ಉಪಯೋಗಕ್ಕೆ ಬಾರದು
* ಪೈಪಿನ ಸೈಜ್, ಒಳಗಿನ ಬಲೂನಿನಲ್ಲಿ ಎಷ್ಟು ಮಿ.ಲೀ. ನೀರಿದೆ ಎಂದು ಬರೆದ ಡಿಸ್ಚಾರ್ಜ್ ಕಾರ್ಡ್
* ಹತ್ತಿರದ ತಾಲೂಕು ಆಸ್ಪತ್ರೆ ಅಥವಾ ನರ್ಸಿಂಗ್ ಹೋಮ್‌ನಲ್ಲಿ ರಾತ್ರಿ ಪೈಪ್ ತೊಳೆಯುವವರು ಇದ್ದಾರೆಯೇ ಎಂಬ ವಿಚಾರಣೆ

ತುರ್ತಿಗೆ 108 ಆಂಬುಲೆನ್ಸ್ ಇದೆ. ಆದರೆ ಅದು ಸಾಮಾನ್ಯವಾಗಿ ಹತ್ತಿರದ ಆಸ್ಪತ್ರೆಗೆ ಒಯ್ಯುತ್ತದೆ, ಆಪರೇಷನ್ ಮಾಡಿಸಿದ ಆಸ್ಪತ್ರೆಗೇ ಅಲ್ಲ. ಕಾರ್ಡ್ ಕೈಯಲ್ಲಿದ್ದರೆ ಅಲ್ಲಿಯ ವೈದ್ಯರಿಗೂ ಕೆಲಸ ಸುಲಭ.

ಪೈಪ್ ಇರುವಾಗ

ಪೈಪನ್ನು ಎಳೆಯಬೇಡಿ, ಒಳಗೆ ನೀರು ತುಂಬಿದ ಬಲೂನು ಇರುತ್ತದೆ, ಎಳೆದರೆ ಗಾಯವಾಗುತ್ತದೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಪೈಪ್ ಮಡಚಿಕೊಂಡಿದೆಯೇ ಎಂದು ಆಗಾಗ ನೋಡಿ. ಅರ್ಧದಷ್ಟು ಸಮಸ್ಯೆ ಪೈಪಿನ ಮೇಲೆ ಮಲಗುವುದರಿಂದಲೇ ಆಗುತ್ತದೆ ಎಂದರೂ ತಪ್ಪಿಲ್ಲ. ಮುಟ್ಟುವ ಮೊದಲು ಕೈಗೆ ಸಾಬೂನು ಹಚ್ಚಿ ತೊಳೆಯಿರಿ. ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು ಕುಡಿಯಿರಿ. ಹೃದಯ, ಕಿಡ್ನಿ ತೊಂದರೆ ಇದ್ದವರು ಎಷ್ಟೆಂದು ಕೇಳಿಕೊಳ್ಳಿ.

ಬಣ್ಣ ನೋಡಿ ಹೆದರಬೇಡಿ. ದಾಳಿಂಬೆ ಕಾಳು ತೊಳೆದ ನೀರಿನಂತೆ ತಿಳಿ ಗುಲಾಬಿ ಇದ್ದರೆ ಚಿಂತೆಯಿಲ್ಲ. ಈ ಕೆಳಗಿನವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ:

* ಒಂದು ಗಂಟೆ ಚೀಲಕ್ಕೆ ಹನಿಯೂ ಬೀಳದೆ ಕಿಬ್ಬೊಟ್ಟೆ ಬಿಗಿಯುವುದು
* ಟೊಮೆಟೊ ರಸದಂತೆ ದಟ್ಟ ಕೆಂಪು, ಅಥವಾ ಗಟ್ಟಿ ತುಣುಕುಗಳು ಬರುವುದು
* ನಡುಕದೊಂದಿಗೆ 100.4 ಡಿಗ್ರಿ ದಾಟಿದ ಜ್ವರ
* ಎದೆನೋವು, ಉಸಿರಾಟದ ತೊಂದರೆ, ಒಂದೇ ಕಾಲು ಊದಿಕೊಂಡು ನೋಯುವುದು

ಪೈಪ್ ತೆಗೆದ ಮೇಲೆ ಕೆಲವು ದಿನ ಉರಿ, ಅವಸರ ಇರುತ್ತದೆ. ಕೆಲವರಿಗೆ ಕೆಮ್ಮಿದಾಗ, ಎದ್ದಾಗ ಹನಿ ಸೋರುತ್ತದೆ. ಕೆಲವು ವಾರಗಳಲ್ಲಿ, ಕೆಲವರಿಗೆ ಮೂರು ತಿಂಗಳವರೆಗೆ ಸಮಯ ಹಿಡಿದು ಸರಿಹೋಗುತ್ತದೆ. ಗಾಳಿ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನೇ ಬಿಗಿದು ಬಿಡುವ ವ್ಯಾಯಾಮ ಇದಕ್ಕೆ ಒಳ್ಳೆಯದು. ಆಪರೇಷನ್‌ಗೆ ಮೊದಲೇ ಕಲಿತರೆ ಇನ್ನೂ ಒಳ್ಳೆಯದು. ಎರಡು ಮೂರು ವಾರದ ನಂತರ ಒಮ್ಮೆ ಮತ್ತೆ ಕೆಂಪು ಕಾಣಿಸಬಹುದು, ಒಳಗಿನ ಗಾಯದ ಹಕ್ಕಳೆ ಉದುರುವುದರಿಂದ. ನೀರು ಹೆಚ್ಚು ಕುಡಿದರೆ ತಿಳಿಯಾಗುತ್ತದೆ. ಆಗದಿದ್ದರೆ ತೋರಿಸಿ.

ಕೇಳಲು ಸಂಕೋಚಪಡುವ ಪ್ರಶ್ನೆಯೊಂದಿದೆ. ಸಂಸಾರ ಸುಖಕ್ಕೆ ತೊಂದರೆಯೇ? ನಿಮಿರುವಿಕೆಗೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಆದರೆ ವೀರ್ಯ ಹೊರಗೆ ಬರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುವುದು ಬಹುಪಾಲು ಜನರಿಗೆ ಆಗುತ್ತದೆ. ಅದರಿಂದ ಆರೋಗ್ಯಕ್ಕೆ ಕೇಡಿಲ್ಲ. ಇನ್ನೂ ಮಕ್ಕಳು ಬೇಕು ಎನ್ನುವವರು ಮಾತ್ರ ಮೊದಲೇ ಮಾತಾಡಿಕೊಳ್ಳಬೇಕು.

ಅಂಗಡಿ ಯಾವಾಗ ತೆರೆಯಬಹುದು?

ಹೊರಗೆ ಗಾಯ ಕಾಣದ್ದರಿಂದ “ಆರಾಮ ಆಗೇನಿ” ಎಂದು ಮೂರನೇ ದಿನವೇ ಗಲ್ಲಾಪೆಟ್ಟಿಗೆಗೆ ಬಂದು ಕೂರುವವರು ಇದ್ದಾರೆ. ಕೂರುವುದಕ್ಕೆ ಒಂದೆರಡು ವಾರ ಸಾಕು, ಅದೂ ಗಂಟೆಗೊಮ್ಮೆ ಎದ್ದು ಓಡಾಡುತ್ತ. ಆದರೆ ಸಕ್ಕರೆ ಚೀಲ, ಗೊಬ್ಬರದ ಚೀಲ, ಎಣ್ಣೆ ಡಬ್ಬಿ ಎತ್ತುವುದು ನಾಲ್ಕರಿಂದ ಆರು ವಾರ ಬೇಡವೇ ಬೇಡ. ಬೈಕ್, ಟ್ರ್ಯಾಕ್ಟರ್ ಕೂಡ ಅಷ್ಟೇ. ಕುಲುಕಿಗೆ ಒಳಗಿನ ಗಾಯ ಬಿರಿಯುತ್ತದೆ. ಮಲಬದ್ಧತೆ ಆಗದಂತೆ ಸೊಪ್ಪು, ಹಣ್ಣು, ಕಾಳು ತಿನ್ನಿ. ಮುಕ್ಕುವುದರಿಂದಲೂ ರಕ್ತ ಬರುತ್ತದೆ. ಸುಗ್ಗಿ, ಹಬ್ಬದ ವ್ಯಾಪಾರ ನೋಡಿಕೊಂಡು ತಾರೀಖು ಹಿಡಿಯುವುದು ತಪ್ಪಲ್ಲ. ಆದರೆ ಮೂತ್ರ ಕಟ್ಟಿಕೊಂಡು ಪೈಪಿನಲ್ಲೇ ಇರುವವರು ಸುಗ್ಗಿ ಮುಗಿಯಲಿ ಎಂದು ಕಾಯಬಾರದು.

ಖರ್ಚು, ಕಾರ್ಡು, ವಿಮೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷ ರೂ. ಮಿತಿ. ತುರ್ತು ಅಲ್ಲದ ಆಪರೇಷನ್‌ಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಆದ್ದರಿಂದ ಮೊದಲ ಹೆಜ್ಜೆ ನಿಮ್ಮ ತಾಲೂಕು ಆಸ್ಪತ್ರೆಯೇ. ನೇರ ಖಾಸಗಿಗೆ ಹೋಗಿ ಭರ್ತಿಯಾಗಿ ಆಮೇಲೆ ಕಾರ್ಡ್ ತೋರಿಸಿದರೆ ತೊಂದರೆ.

ಯಶಸ್ವಿನಿ: 2003ರಲ್ಲಿ ಶುರುವಾಗಿ 2018ರಲ್ಲಿ ನಿಂತಿದ್ದ ಈ ಯೋಜನೆ 2023ರ ಜನವರಿಯಿಂದ ಮತ್ತೆ ಜಾರಿಯಲ್ಲಿದೆ. ಸಹಕಾರಿ ಸಂಘದ ಸದಸ್ಯರು ಆ ವರ್ಷದ ವಂತಿಗೆ ಕಟ್ಟಿರಬೇಕು, ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿ ಇರಬೇಕು. ನಿಮ್ಮ ಪಿಕೆಪಿಎಸ್ ಸಂಘದಲ್ಲಿ ವಿಚಾರಿಸಿ.

ಎರಡಕ್ಕೂ ಒಂದೇ ಪ್ರಶ್ನೆ ಕೇಳಿ: ಮಂಜೂರಾಗುವುದು ಟಿಯುಆರ್‌ಪಿಯೋ, ಲೇಸರೋ? ಲೇಸರ್ ಎಂದು ಹೆಚ್ಚುವರಿ ಹಣ ಕೇಳುತ್ತಾರೆಯೇ? ಉತ್ತರ ಭರ್ತಿಯಾಗುವ ಮೊದಲೇ, ಆರೋಗ್ಯಮಿತ್ರರ ಎದುರಿಗೇ ಸಿಗಲಿ.

ಖಾಸಗಿ ವಿಮೆ: ವ್ಯಾಪಾರಸ್ಥರಲ್ಲಿ ಒಂದು ಹೆದರಿಕೆ ಇದೆ: “24 ತಾಸು ಇರದಿದ್ರ ಕ್ಲೇಮ್ ಆಗೂದಿಲ್ಲ.” ಇದು ಪೂರ್ತಿ ನಿಜವಲ್ಲ. ಮೊದಲು 24 ಗಂಟೆಗಿಂತ ಹೆಚ್ಚು ಭರ್ತಿ ಬೇಕಿದ್ದು, ಈಗ ತಂತ್ರಜ್ಞಾನದಿಂದ ಅದಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುವ ಚಿಕಿತ್ಸೆಗೆ ವಿಮೆಯ ಭಾಷೆಯಲ್ಲಿ ‘ಡೇ ಕೇರ್’ ಎನ್ನುತ್ತಾರೆ. ಅದಕ್ಕೆ 24 ಗಂಟೆಯ ಷರತ್ತು ಇಲ್ಲ. ನಿಮ್ಮ ಪಾಲಿಸಿಯಲ್ಲಿ ಇದು ಸೇರಿದೆಯೇ ಎಂದು ಲಿಖಿತವಾಗಿ ಕೇಳಿ. ಇನ್ನೊಂದು: ಪ್ರಾಸ್ಟೇಟ್, ಹರ್ನಿಯಾ, ಕಣ್ಣಿನ ಪೊರೆಯಂಥವುಗಳಿಗೆ ಬಹಳಷ್ಟು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೊದಲ ಎರಡು ವರ್ಷ ಕ್ಲೇಮ್ ಸಿಗುವುದಿಲ್ಲ. ತೊಂದರೆ ಶುರುವಾದ ಮೇಲೆ ಪಾಲಿಸಿ ಮಾಡಿಸಿದರೆ ಕೈಗೆ ಬಾರದು. ನಗದುರಹಿತ ಕ್ಲೇಮ್‌ನಲ್ಲಿ ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. ಸಂಜೆಯ ಡಿಸ್ಚಾರ್ಜ್‌ಗೆ ಈ ಮೂರು ಗಂಟೆಯನ್ನೂ ಲೆಕ್ಕ ಹಿಡಿಯಿರಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿ

1. ನನಗೆ ಆಪರೇಷನ್ ಈಗಲೇ ಬೇಕೇ, ಗುಳಿಗೆಯಲ್ಲಿ ಇನ್ನಷ್ಟು ದಿನ ನೋಡಬಹುದೇ?
2. ಯಾವ ಲೇಸರ್, ಯಾವ ವಿಧಾನ? ಬಿಡಿಸಿ ತೆಗೆಯುವುದೋ, ಆವಿ ಮಾಡುವುದೋ?
3. ತೆಗೆದ ತುಣುಕನ್ನು ಕ್ಯಾನ್ಸರ್ ಪರೀಕ್ಷೆಗೆ ಕಳಿಸುತ್ತೀರಾ? ವರದಿ ಯಾವಾಗ? (ಆವಿ ಮಾಡಿದರೆ ಕಳಿಸಲು ತುಣುಕೇ ಉಳಿಯುವುದಿಲ್ಲ.)
4. ಪೈಪ್ ಯಾವಾಗ, ಎಲ್ಲಿ ತೆಗೆಯುತ್ತೀರಿ?
5. ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?
6. ಸಂಜೆ ಹೊತ್ತಿಗೆ ಮೂತ್ರ ತಿಳಿಯಾಗದಿದ್ದರೆ ಉಳಿಯಲು ಬೆಡ್ ಇದೆಯೇ? ಅದರ ಖರ್ಚು ಪ್ಯಾಕೇಜ್‌ನಲ್ಲಿ ಸೇರಿದೆಯೇ?

ಆರನೇ ಪ್ರಶ್ನೆ ಬಿಡಬೇಡಿ. ಸಂಜೆ ಕಳಿಸುತ್ತೇವೆ ಎಂಬುದು ಯೋಜನೆ ಮಾತ್ರ. ಕಳಿಸಬೇಕೋ ಬೇಡವೋ ಎಂಬುದನ್ನು ಕೊನೆಗೆ ಹೇಳುವುದು ಚೀಲದಲ್ಲಿನ ಬಣ್ಣ. ಅದು ತಿಳಿಯಾಗದಿದ್ದರೆ ಒಂದು ರಾತ್ರಿ ಹೆಚ್ಚು ಉಳಿಯುವುದರಿಂದ ಯಾರೂ ಸೋತಂತಲ್ಲ.

ಮನೆಯಲ್ಲಿ ಅಪ್ಪ, ಅಜ್ಜ, ಕಾಕಾ ರಾತ್ರಿ ಪದೇ ಪದೇ ಬಾಗಿಲು ತೆಗೆಯುವ ಸದ್ದು ಕೇಳಿಸಿದರೆ ಮರುದಿನ ಮುಂಜಾನೆ ಚಹಾ ಕುಡಿಯುವಾಗ ನೀವೇ ಕೇಳಿ. ಅವರಾಗಿ ಹೇಳುವುದಿಲ್ಲ.

(ಇದು ಸಾಮಾನ್ಯ ತಿಳಿವಳಿಕೆಗಾಗಿ ಕೊಟ್ಟ ಮಾಹಿತಿ. ಚಿಕಿತ್ಸೆಯ ನಿರ್ಧಾರವನ್ನು ನಿಮ್ಮ ವೈದ್ಯರೊಂದಿಗೆ ಮಾತಾಡಿಯೇ ಮಾಡಿ.)